ಕಾರ್ಡಿನಲ್ಲಿ ಬರೆದು ಕಳಿಸುವ ಬಣ್ಣ

ನಾನು ಮೈಸೂರಿನಲ್ಲಿ ಕೂತು ಚಿತ್ರ ಬರೆಯುವವಳು. ಗೆಳತಿ ಧಾರವಾಡದಲ್ಲಿದ್ದಾಳೆ, ಅವಳೂ ಚಿತ್ರಕಲಾವಿದೆ. ವರ್ಷಗಳಿಂದ ನಮ್ಮ ಕೆಲಸದ ಮಾತೆಲ್ಲ ಅಂಚೆ ಕಾರ್ಡಿನಲ್ಲೇ. ಫೋನೂ ಮಾಡುತ್ತೇವೆ. ಆದರೆ ಅರ್ಧ ಆದ ಚಿತ್ರದ ಬಗ್ಗೆ ಫೋನಿನಲ್ಲಿ "ಚೆನ್ನಾಗಿ ಬರ್ತಿದೆ" ಅಂದರೆ ಮುಗಿಯಿತು ಅಲ್ವಾ? ಕಾರ್ಡಿನಲ್ಲಿ ಚಿತ್ರವನ್ನೇ ಮತ್ತೆ ಬರೆದು ತೋರಿಸಬೇಕು. ಎಲ್ಲಿ ಕೈ ನಿಂತಿದೆ ಅನ್ನುವುದು ಆಗಲೇ ನನಗೂ ಗೊತ್ತಾಗುತ್ತದೆ.

ಇದರ ರುಚಿ ಹತ್ತಿದ್ದು ಡಚ್ ಚಿತ್ರಕಲಾವಿದ ವ್ಯಾನ್ ಗಾಗ್‌ನ ಪತ್ರಗಳಿಂದ. 1888ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಆರ್ಲ್ ಊರಿನಿಂದ ತಮ್ಮ ಥಿಯೋಗೆ ಬರೆದಾಗ ತನ್ನ ಮಲಗುವ ಕೋಣೆಯನ್ನೂ ಪತ್ರದಲ್ಲಿ ಗೀಚಿದ. ಜೊತೆಗೆ ಒಂದೊಂದೇ ಬಣ್ಣ ಹೇಳಿದ: ಗೋಡೆ ತಿಳಿ ನೇರಳೆ, ಮಂಚ ಹೊಸ ಬೆಣ್ಣೆಯ ಹಳದಿ, ಹೊದಿಕೆ ಕಡುಗೆಂಪು, ಕಿಟಕಿ ಹಸಿರು. ಮಾರನೇ ದಿನವೇ ಕಲಾವಿದ ಗೊಗ್ಯಾಂಗೆ ಬರೆದ ಪತ್ರದಲ್ಲೂ ಅದೇ ಕೋಣೆ. ಆ ಕೋಣೆಯನ್ನು ಅವನು ಬಣ್ಣದಲ್ಲಿ ಬರೆದ ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ಅದರಲ್ಲಿ ಈಗ ಗೋಡೆ ನೀಲಿಯಾಗಿ ಕಾಣುತ್ತದೆ, ಯಾಕೆಂದರೆ ನೇರಳೆಯಲ್ಲಿ ಬೆರೆತಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ಅವನು ಹಚ್ಚಿದ್ದ ಬಣ್ಣ ಯಾವುದು ಅನ್ನುವುದು ಪತ್ರದಲ್ಲಿ ಹಾಗೇ ಇದೆ. ಇದನ್ನು ಓದಿದ ಮೇಲೆ ನಾನೂ ಗೆರೆಯ ಪಕ್ಕ ಬಣ್ಣ ಬರೆಯತೊಡಗಿದೆ. ಟ್ಯೂಬಿನ ಮೇಲಿನ ಹೆಸರು ಬರೆಯುವುದಿಲ್ಲ, ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮಾವಿನ ಚಿಗುರು, ಒದ್ದೆ ಕೆಮ್ಮಣ್ಣು, ಹೀಗೆ ಬರೆದರೆ ಅವಳಿಗೆ ಸಾಕು.

ಅಂಚೆ ಕಾರ್ಡು ತೆಳ್ಳಗಿರುತ್ತದೆ. ನೀರು ಜಾಸ್ತಿಯಾದರೆ ಸೊಟ್ಟಗಾಗುತ್ತದೆ. ಅದಕ್ಕೆ ವಾಟರ್‌ಪ್ರೂಫ್ ಇಂಡಿಯನ್ ಇಂಕಿನಲ್ಲಿ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ಬ್ರಷ್ಷನ್ನು ಬಟ್ಟೆಗೆ ಒತ್ತಿ ಚೂರೇ ಬಣ್ಣ ಹಚ್ಚುತ್ತೇನೆ. ಮಳೆಗಾಲದಲ್ಲಿ ವಿಳಾಸದ ಮೇಲೆ ಮೇಣದಬತ್ತಿ ಉಜ್ಜುತ್ತೇನೆ. ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸ್ ಶಿಷ್ಯರಿಗೂ ಗೆಳೆಯರಿಗೂ ಹೀಗೆ ಕಾರ್ಡಿನಲ್ಲೇ ಚಿತ್ರ ಬರೆದು ಕಳಿಸುತ್ತಿದ್ದರು. ಅಷ್ಟು ಸಣ್ಣ ಜಾಗದಲ್ಲಿ ಸುಮ್ನೆ ಗೆರೆ ಎಳೆಯೋಕೆ ಆಗುವುದಿಲ್ಲ. ಯಾವುದು ಬೇಕೋ ಅದಷ್ಟೇ ಉಳಿಯಬೇಕು.

ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳುವುದಿಲ್ಲ. ಅದು ಅವಳಿಗೆ ಬರೆದದ್ದು, ಅವಳ ಹತ್ತಿರವೇ ಇರಲಿ.

ನನಗೆ ತುಂಬಾ ಇಷ್ಟವಾದದ್ದು ಅವಳು ಉತ್ತರಿಸುವ ರೀತಿ. ನನ್ನ ಕಾರ್ಡನ್ನು ಕೆಲವು ದಿನ ಎತ್ತಿಟ್ಟು, ಆಮೇಲೆ ನೆನಪಿನಿಂದ ಅದೇ ಚಿತ್ರ ಬರೆದು ಕಳಿಸುತ್ತಾಳೆ. ಮನಸ್ಸಿನಲ್ಲಿ ನಿಂತದ್ದು ಮಾತ್ರ ಅದರಲ್ಲಿರುತ್ತದೆ. ಕೆರೆ ಏರಿಯ ಚಿತ್ರ ಕಳಿಸಿದ್ದೆ. ಅವಳ ಕಾರ್ಡಿನಲ್ಲಿ ಹುಣಸೆಮರಗಳೇ ಇರಲಿಲ್ಲ, ಕೆರೆಯ ತೂಬು ಮಾತ್ರ ದೊಡ್ಡದಾಗಿ ಬಂದಿತ್ತು. ಈಗ ಕ್ಯಾನ್ವಾಸಿನಲ್ಲಿ ತೂಬನ್ನು ಮುಂದಕ್ಕೆ ತಂದಿದ್ದೇನೆ. ಮರಗಳನ್ನು ಬಿಡೋಕೆ ಮಾತ್ರ ನಾನು ಒಪ್ಪಿಲ್ಲ. ಯಾಕೆ ಅಂತ ಬರೆದು ನಿನ್ನೆಯೇ ಡಬ್ಬಿಗೆ ಹಾಕಿದ್ದೇನೆ.