ಜಾಲತಾಣ ಬೀಳದಿರಲು ಕಂಟೇನರ್, ಬೇಗ ತೆರೆಯಲು ಕ್ಯಾಶ್

ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಹಾಕಿದ ಮಾತ್ರಕ್ಕೆ ಜಾಲತಾಣ ಬೇಗ ತೆರೆದುಕೊಳ್ಳುವುದಿಲ್ಲ. ನಿಧಾನವಾಗಿ ಓಡುವ ಕೋಡ್ ಕಂಟೇನರ್ ಒಳಗೂ ನಿಧಾನವೇ. ಆ್ಯಪ್‌ನ ಒಂದು ಪ್ರತಿ ಕೆಟ್ಟು ನಿಂತಾಗ ಇನ್ನೊಂದು ಕೆಲಸ ಮುಂದುವರಿಸಲು ಕಂಟೇನರ್ ಬೇಕು. ಒಮ್ಮೆ ಸಿದ್ಧವಾದ ಪುಟವನ್ನೇ ಮತ್ತೆ ಮತ್ತೆ ಕೊಡಲು ಕ್ಯಾಶ್ ಬೇಕು.

ಮೊದಲು ಅಳೆಯಿರಿ. ಸರ್ವರ್‌ನಿಂದ ಮೊದಲ ಬೈಟ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕರ್ಲ್ ಎಂಬ ಕಮಾಂಡ್ ಬಳಸಿ, ಹೊರಗಿನ ನೆಟ್‌ವರ್ಕ್‌ನಿಂದ 20 ಸಲ ನೋಡಿ ಬರೆದಿಡಿ. ಸರಾಸರಿಗಿಂತ ತೀರಾ ತಡವಾದ ಎರಡು ಮೂರು ಅಂಕಿಗಳೇ ಮುಖ್ಯ. ಮೊದಲ ಬೈಟ್ ಬೇಗ ಬಂದೂ ಪುಟ ತಡವಾದರೆ ತೊಂದರೆ ಹೆಚ್ಚಾಗಿ ಚಿತ್ರ, ಸ್ಕ್ರಿಪ್ಟ್‌ಗಳಲ್ಲಿರುತ್ತದೆ.

ನಂತರ ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಡಾಕರ್ ಕಂಪೋಸ್‌ನಲ್ಲಿ ಆ್ಯಪ್‌ನ ಎರಡು ಪ್ರತಿ, ಅವುಗಳ ಮುಂದೆ ಕೋರಿಕೆಗಳನ್ನು ಹಂಚುವ, ಕ್ಯಾಶ್ ಇಡುವ ಎಂಜಿನ್‌ಎಕ್ಸ್ (nginx) ಸರ್ವರ್, ಜೊತೆಗೆ ಮೆಮೊರಿಯಲ್ಲಿ ಮಾಹಿತಿ ಇಡುವ ರೆಡಿಸ್ ಇಡಿ. ಲಾಗಿನ್ ಸೆಷನ್‌ಗಳು ರೆಡಿಸ್‌ನಲ್ಲಿ, ಬಳಕೆದಾರರು ಅಪ್‌ಲೋಡ್ ಮಾಡಿದ ಕಡತಗಳು ಕಂಟೇನರ್ ಹೊರಗಿನ ಸಂಗ್ರಹವಾದ ವಾಲ್ಯೂಮ್‌ನಲ್ಲಿ ಇರಲಿ. ಕಂಟೇನರ್ ಒಳಗೇ ಬಿಟ್ಟರೆ ಹೊಸ ಇಮೇಜ್ (ಕಂಟೇನರ್ ಕಟ್ಟುವ ಅಚ್ಚು) ಹಾಕಿದಾಗ ಅವೆಲ್ಲ ಅಳಿದುಹೋಗುತ್ತವೆ. ಪ್ರತಿ ಕಂಟೇನರ್‌ಗೂ ಮೆಮೊರಿ ಮಿತಿ ಹಾಕಿ. ಕಂಟೇನರ್ ನಿಂತು ಎಕ್ಸಿಟ್ ಕೋಡ್ 137 (ಬಲವಂತವಾಗಿ ನಿಲ್ಲಿಸಿದ ಗುರುತು) ಕಂಡರೆ ಮೊದಲು ಮೆಮೊರಿಯನ್ನೇ ಅನುಮಾನಿಸಿ. ಆ್ಯಪ್ ಸರಿಯಾಗಿದೆಯೇ ಎಂದು ಆಗಾಗ ನೋಡುವ ಹೆಲ್ತ್‌ಚೆಕ್ ಬರೆದವರಲ್ಲಿ ಅನೇಕರು ಒಂದು ವಿಷಯ ಗಮನಿಸಿರುವುದಿಲ್ಲ: ಬರೀ ಡಾಕರ್ ಇದ್ದರೆ ಅದು ಕಂಟೇನರನ್ನು ‘ಅನ್‌ಹೆಲ್ದಿ’ ಎಂದು ಗುರುತಿಸುತ್ತದೆಯೇ ಹೊರತು ತಾನಾಗಿ ಮರುಪ್ರಾರಂಭಿಸುವುದಿಲ್ಲ. ರೀಸ್ಟಾರ್ಟ್ ಪಾಲಿಸಿ ಕೆಲಸ ಮಾಡುವುದು ಪ್ರೋಗ್ರಾಂ ಪೂರ್ತಿ ನಿಂತಾಗ ಮಾತ್ರ. ಎರಡೂ ಪ್ರತಿಗಳು ಒಂದೇ ಯಂತ್ರದಲ್ಲಿದ್ದರೆ, ಯಂತ್ರ ಕೆಟ್ಟಾಗ ಎರಡೂ ಹೋಗುತ್ತವೆ ಎಂಬುದೂ ನೆನಪಿರಲಿ.

ಎಂಜಿನ್‌ಎಕ್ಸ್‌ನಲ್ಲಿ ಕನೆಕ್ಟ್ ಟೈಮ್‌ಔಟ್ (ಆ್ಯಪ್‌ನ ಸಂಪರ್ಕಕ್ಕೆ ಕಾಯುವ ಅವಧಿ) ಮೊದಲೇ 60 ಸೆಕೆಂಡ್ ಇರುತ್ತದೆ; 2ಕ್ಕೆ ಇಳಿಸಿ. ಇಲ್ಲವಾದರೆ ಉತ್ತರಿಸದ ಪ್ರತಿಗಾಗಿ ಓದುಗ ಒಂದು ನಿಮಿಷ ಕಾಯಬೇಕಾದೀತು. ಕಂಟೇನರನ್ನು ಹೊಸದಾಗಿ ಎಬ್ಬಿಸಿದ ಮೇಲೆ 502 ದೋಷ (ಆ್ಯಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂಬ ಸೂಚನೆ) ಬಂದರೆ, ಎಂಜಿನ್‌ಎಕ್ಸ್ ತಾನು ಶುರುವಾದಾಗ ತಿಳಿದುಕೊಂಡ ಹಳೆಯ ಐಪಿಗೇ ಕರೆ ಕಳಿಸುತ್ತಿರಬಹುದು. ಎಂಜಿನ್‌ಎಕ್ಸನ್ನು ರೀಲೋಡ್ ಮಾಡಿದರೆ ಸರಿಹೋಗುತ್ತದೆ.

ಇನ್ನು ಕ್ಯಾಶ್. ಹೆಸರಲ್ಲೇ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇರುವ ಸಿಎಸ್‌ಎಸ್, ಸ್ಕ್ರಿಪ್ಟ್ ಕಡತಗಳಿಗೆ ಮ್ಯಾಕ್ಸ್-ಏಜ್ (ಕ್ಯಾಶ್‌ನಲ್ಲಿ ಉಳಿಯುವ ಅವಧಿ) 31536000 ಸೆಕೆಂಡ್, ಅಂದರೆ ಒಂದು ವರ್ಷ ಕೊಡಿ. ಎಚ್‌ಟಿಎಂಎಲ್ ಪುಟಕ್ಕೆ ಎಂಜಿನ್‌ಎಕ್ಸ್ ಕ್ಯಾಶ್‌ನಲ್ಲಿ 10 ಸೆಕೆಂಡ್ ಸಾಕು. ಸೆಕೆಂಡಿಗೆ 50 ಮಂದಿ ಒಂದೇ ಪುಟ ಕೇಳಿದರೆ 500 ಸಲ ಆಗುತ್ತಿದ್ದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಇದಕ್ಕೆ ಒಂದೇ ಕೋರಿಕೆಯನ್ನು ಆ್ಯಪ್‌ಗೆ ಬಿಟ್ಟು ಉಳಿದವನ್ನು ಕಾಯಿಸುವ ಕ್ಯಾಶ್ ಲಾಕ್ ಆನ್ ಇರಲೇಬೇಕು. ಇಲ್ಲದಿದ್ದರೆ ಪುಟ ಇನ್ನೂ ಕ್ಯಾಶ್‌ನಲ್ಲಿಲ್ಲದಾಗ ಎಲ್ಲ ಕೋರಿಕೆಗಳೂ ಒಟ್ಟಿಗೇ ಆ್ಯಪ್ ಮೇಲೆ ಬೀಳುತ್ತವೆ. ಅವಧಿ ಮುಗಿದ ಪುಟವನ್ನೂ ಕೊಡಬಲ್ಲ ‘ಯೂಸ್ ಸ್ಟೇಲ್’ ಆಯ್ಕೆಗೆ ಎರರ್, ಟೈಮ್‌ಔಟ್, ಅಪ್‌ಡೇಟಿಂಗ್ ಸೇರಿಸಿ; ಅವಧಿ ಮುಗಿದ ಕ್ಷಣದ ನೂಕುನುಗ್ಗಲನ್ನು ತಡೆಯುವುದು ಈ ಅಪ್‌ಡೇಟಿಂಗ್.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಲಾಗಿನ್ ಆದವರ ಪುಟಗಳಲ್ಲಿ. ಉತ್ತರದಲ್ಲಿ ಸೆಟ್-ಕುಕಿ ಹೆಡರ್ (ಬ್ರೌಸರ್‌ಗೆ ಕುಕಿ ಕೊಡುವ ಸಾಲು) ಇದ್ದರೆ ಎಂಜಿನ್‌ಎಕ್ಸ್ ಅದನ್ನು ಉಳಿಸಿಕೊಳ್ಳುವುದಿಲ್ಲ. ಹಿಟ್ (ಕ್ಯಾಶ್‌ನಿಂದಲೇ ಸಿಗುವ ಉತ್ತರ) ಹೆಚ್ಚಿಸುವ ಆಸೆಗೆ ಆ ಹೆಡರನ್ನು ಕಡೆಗಣಿಸುವಂತೆ ಬರೆದರೆ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಾಣಬಹುದು. ಸೆಷನ್ ಕುಕಿ ಇದ್ದಾಗ ‘ಕ್ಯಾಶ್ ಬೈಪಾಸ್’ ಒಂದನ್ನೇ ಹಾಕಿದರೂ ಸಾಲದು. ಅದು ಕ್ಯಾಶ್‌ನಿಂದ ಓದುವುದನ್ನಷ್ಟೇ ತಡೆಯುತ್ತದೆ, ಬಂದ ಉತ್ತರವನ್ನು ಉಳಿಸುವುದನ್ನಲ್ಲ. ‘ನೋ ಕ್ಯಾಶ್’ ಕೂಡ ಜೊತೆಗಿರಬೇಕು. ಬೇರೆ ಬೇರೆ ಬ್ರೌಸರ್‌ನಲ್ಲಿ ಎರಡು ಖಾತೆ ತೆರೆದು, ಒಂದೇ ವಿಳಾಸಕ್ಕೆ ಹೋಗಿ ಪರೀಕ್ಷಿಸದೆ ಇದನ್ನು ಸಾರ್ವಜನಿಕರಿಗೆ ಬಿಡಬೇಡಿ.

ಕೊನೆಗೆ, ಕ್ಯಾಶ್ ಸ್ಥಿತಿಯನ್ನು ತೋರಿಸುವ ಹೆಡರ್ ಸೇರಿಸಿ, ಒಂದು ಪ್ರತಿಯನ್ನು ಬೇಕೆಂದೇ ನಿಲ್ಲಿಸಿ. ಪುಟಗಳು ಎಂದಿನಂತೆ ಬರಬೇಕು. ಎರಡನ್ನೂ ನಿಲ್ಲಿಸಿದರೆ, ಈಗಾಗಲೇ ಕ್ಯಾಶ್‌ನಲ್ಲಿರುವ ಪುಟಗಳು 10 ಸೆಕೆಂಡಿನ ನಂತರ ‘ಸ್ಟೇಲ್’ ಎಂದು ಬರಬೇಕು. ಹಾಗೆ ಬರದಿದ್ದರೆ ‘ಇನ್‌ಆ್ಯಕ್ಟಿವ್’ ಅವಧಿ ನೋಡಿ: ಅದು ಮೊದಲೇ 10 ನಿಮಿಷ ಇರುತ್ತದೆ, ಅಷ್ಟು ಹೊತ್ತು ಯಾರೂ ಕೇಳದ ಪುಟ ಅಳಿಸಿಹೋಗುತ್ತದೆ. ಅದನ್ನು 24 ಗಂಟೆಗೆ ಏರಿಸಿ ಮತ್ತೆ ಪರೀಕ್ಷಿಸಿ.