ನೋಟು ಎಣಿಸುತ್ತಲೇ ಸಾಗಿದ ಸಾಧನೆ: ನನ್ನ ಅನುಭವ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತು ವಿಪಶ್ಯನ ಧ್ಯಾನದ ಸಾಧನೆ ಮಾಡಲಾಗದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಭಾನುವಾರದ ಸಾಮೂಹಿಕ ಸಾಧನೆಗೆ ಬರುವ ಹಿರಿಯರೊಬ್ಬರಂತೂ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೆಟ್ಟಗೆ ಕೂರಲಾರದವನು ನೋಟಿನ ಕಟ್ಟುಗಳ ನಡುವೆ ಏನನ್ನು ಕಂಡುಕೊಳ್ಳುತ್ತಾನೆ ಎಂದು ಎಲ್ಲರೆದುರೇ ಕೇಳಿದ್ದರು. ಈಗ ಸುಮಾರು ನಾಲ್ಕು ವರ್ಷಗಳಿಂದ ನನ್ನ ಕೌಂಟರಿನಲ್ಲಿ ಒಂದು ರೂಪಾಯಿಯ ಕೊರತೆಯೂ ಬಿದ್ದಿಲ್ಲ. ಸಂಜೆ ಮನೆಗೆ ಹೋದೊಡನೆ ಮಗಳ ಮೇಲೆ ರೇಗುತ್ತಿದ್ದುದೂ ನಿಂತಿದೆ. ಆದ್ದರಿಂದಲೇ ಬರೆಯುವ ಧೈರ್ಯ ಮಾಡಿದ್ದೇನೆ. ಆನಾಪಾನ (ಸಹಜ ಉಸಿರನ್ನು ಗಮನಿಸುವುದು), ಸಂವೇದನೆ (ಮೈಯಲ್ಲಿ ತಿಳಿಯುವ ಬಿಸಿ, ತಂಪು, ಒತ್ತಡದಂಥವು), ಸಮತೆ (ಅವುಗಳಿಗೆ ಪ್ರತಿಕ್ರಿಯಿಸದೆ ನೋಡುವ ಮನಸ್ಸು) ಎಂಬ ಮಾತುಗಳನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಹತ್ತು ದಿನಗಳ ವಿಪಶ್ಯನ ಶಿಬಿರ ಮುಗಿಸಿ ಬಂದು, ಅಲ್ಲಿ ದೊರೆತದ್ದನ್ನು ಮನೆಯಲ್ಲಿ ಉಳಿಸಿಕೊಳ್ಳಲಾಗದೆ ಒದ್ದಾಡುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

2015ರಲ್ಲಿ ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲಿ ನನ್ನ ಮೊದಲ ಶಿಬಿರವಾಯಿತು. ಬೆಳಗಿನ ಜಾವ 4 ಗಂಟೆಗೆ ಎದ್ದು, ದಿನಕ್ಕೆ ಹತ್ತು ಗಂಟೆಯಷ್ಟು ಕುಳಿತು ಬಂದವನಿಗೆ, ಊರಿಗೆ ಮರಳಿದ ಮೂರನೆಯ ವಾರಕ್ಕೆ ಇಪ್ಪತ್ತು ನಿಮಿಷ ಕೂರುವುದೂ ಭಾರವಾಯಿತು. ದೋಷ ಕೂರುವ ಜಾಗದಲ್ಲಿದೆ, ಸುತ್ತಲಿನ ಸದ್ದಿನಲ್ಲಿದೆ ಎಂದು ಭಾವಿಸಿ ಹಣ ಸುರಿಯತೊಡಗಿದೆ. ಶಿಬಿರಕ್ಕೆ ಶುಲ್ಕವೇ ಇರಲಿಲ್ಲ, ಮನಸ್ಸಿಗೆ ತೋಚಿದಷ್ಟು ದಾನ ಕೊಟ್ಟು ಬಂದಿದ್ದೆ. ಅದಾದ ಮೇಲೆ ಕೊಂಡ ಎರಡು ಬಗೆಯ ಆಸನ, ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನ್, ಮೊಬೈಲಿನ ಧ್ಯಾನದ ಆ್ಯಪಿಗೆ ಕಟ್ಟಿದ ವರ್ಷದ ಚಂದಾ, ಮಲೆನಾಡಿನ ರೆಸಾರ್ಟೊಂದರಲ್ಲಿ ಕಳೆದ ಎರಡು ದಿನಗಳ ಮೌನ, ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಆ ಹಣವಿದ್ದಿದ್ದರೆ ಮನೆಯ ಮಾಳಿಗೆಯ ಸೋರಿಕೆಯನ್ನು ಅದೇ ವರ್ಷ ಸರಿಪಡಿಸಬಹುದಿತ್ತು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದ ಮೇಲಿನ ದಿನಗಳನ್ನು ಕೌಂಟರಿನಲ್ಲಿ ಕುಳಿತವರು ಮರೆಯಲಾರರು. ಬಾಗಿಲು ತೆರೆಯುವ ಮುನ್ನವೇ ಸಾಲು ರಸ್ತೆಯವರೆಗೆ ನಿಂತಿರುತ್ತಿತ್ತು, ರಾತ್ರಿ ಒಂಬತ್ತಾದರೂ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಹೊಸ 2000ದ ನೋಟುಗಳು ಒಂದಕ್ಕೊಂದು ಅಂಟಿಕೊಂಡು ಒಂದರ ಬದಲು ಎರಡು ಹೋದದ್ದು ನನಗೆ ಗೊತ್ತಾದಂತೆ ಮೂರು ಸಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಹದಿನಾಲ್ಕು ಸಾವಿರದಷ್ಟನ್ನು ಕೈಯಿಂದ ಕಟ್ಟಿದ್ದೆ. ಕೂರುವ ಸಾಧನೆ ಪೂರ್ತಿ ನಿಂತದ್ದೂ ಆಗಲೇ.

ಮತ್ತೆ, ಈ ಸಲ ಕೌಂಟರಿನಲ್ಲಿಯೇ, ಆರಂಭಿಸಿದಾಗ ಮಾಡಿದ ಮೊದಲ ತಪ್ಪೆಂದರೆ ಪ್ರತಿ ನೋಟಿಗೂ ಒಂದು ಉಸಿರನ್ನು ಜೋಡಿಸಲು ಹೋದದ್ದು. ನೂರರ ಕಟ್ಟಿನಲ್ಲಿ ನಲವತ್ತು ದಾಟುವಷ್ಟರಲ್ಲಿ ಉಸಿರೂ ತಪ್ಪುತ್ತಿತ್ತು, ಎಣಿಕೆಯೂ ತಪ್ಪುತ್ತಿತ್ತು, ಹೊರಗೆ ನಿಂತವರ ಗೊಣಗಾಟ ಏರುತ್ತಿತ್ತು. ಆರು ವಾರ ಹಾಗೆ ಹೆಣಗಿ ಬಿಟ್ಟೆ. ಆಮೇಲೊಂದು ಮಧ್ಯಾಹ್ನ, ಬೆರಳು ಒದ್ದೆ ಮಾಡಿಕೊಳ್ಳಲು ಸ್ಪಂಜನ್ನು ಮುಟ್ಟಿದಾಗ, ಆ ತಣ್ಣನೆಯ ಸ್ಪರ್ಶ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ತಿಳಿಯಿತು. ಶಿಬಿರದಲ್ಲಿ ಮೂಗಿನ ಹೊಳ್ಳೆಗಳ ಕೆಳಗೆ ಉಸಿರಿನ ಸ್ಪರ್ಶವಾಗಿ ಮೂರು ದಿನ ಹುಡುಕಿದ್ದು ಇದನ್ನೇ ಅಲ್ಲವೇ ಎನಿಸಿ ಮೈ ಜುಮ್ಮೆಂದಿತು. ಅಂದಿನಿಂದ ಕಟ್ಟಿನ ಉದ್ದಕ್ಕೂ ಗಮನ ಹಿಡಿಯುವ ಹಟವನ್ನು ಬಿಟ್ಟು, ಸ್ಪಂಜು ಮುಟ್ಟುವ ಕ್ಷಣವೊಂದನ್ನೇ ಹಿಡಿದುಕೊಂಡೆ: ಬೆರಳ ತುದಿಯ ತಂಪು, ಒಂದು ಪೂರ್ತಿ ಉಸಿರು, ಆಮೇಲೆ ಎಣಿಕೆ. ಗ್ರಾಹಕರಿಗೆ ಇದರಿಂದ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಡವಾಗುವುದಿಲ್ಲ.

ದಿನಕ್ಕೆ ನೂರೈವತ್ತರ ಆಸುಪಾಸಿನಲ್ಲಿ ಜನ ಬರುತ್ತಾರೆ. ತಂಪು ತಿಳಿದಾಗಲೆಲ್ಲ ಒಂದು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನ ಗೆರೆ ಎಳೆಯುತ್ತಿದ್ದೆ. ಮೊದಲ ತಿಂಗಳು ಹತ್ತು ಗೆರೆಗಳೂ ಆಗುತ್ತಿರಲಿಲ್ಲ; ಎಂಟು ತಿಂಗಳಿಗೆ ಅರವತ್ತರ ಹತ್ತಿರ ಬಂದವು, ನೂರು ದಾಟಲು ಎರಡು ವರ್ಷ ಹಿಡಿಯಿತು. ಸಂತೆಯ ದಿನ ಮತ್ತು ಪಿಂಚಣಿಯ ಮೊದಲ ವಾರ ಈಗಲೂ ಇಳಿಯುತ್ತದೆ.

ಇದು ಬರಿಯ ಏಕಾಗ್ರತೆ, ಸಾಧನೆಯಲ್ಲ ಎಂದು ಆ ಹಿರಿಯರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು, ಅದನ್ನು ನಾನು ಒಪ್ಪಿಕೊಂಡೆ. ಉಳಿದರ್ಧಕ್ಕೆ ಉತ್ತರ ಸಿಕ್ಕಿದ್ದು ಒಂದು ಸಂಜೆ ಲೆಕ್ಕದಲ್ಲಿ ಐದು ಸಾವಿರ ಕಡಿಮೆ ಬಂದಾಗ. ಎದೆಯಲ್ಲಿ ಎದ್ದ ಬಿಸಿ, ಕಿವಿಯವರೆಗೆ ಏರಿದ ಬಡಿತ, ಒಣಗಿದ ನಾಲಗೆ, ಇವೆಲ್ಲವನ್ನೂ ಹುಟ್ಟಿ ಅಳಿಯುವ ಸಂವೇದನೆಗಳಾಗಿ ನೋಡುತ್ತಾ ಎರಡನೆಯ ಬಾರಿ ಚೀಟಿಗಳನ್ನು ತಿರುವಿದೆ. ಪಾವತಿಯೊಂದನ್ನು ಬರೆದುಕೊಳ್ಳದೆ ಬಿಟ್ಟದ್ದು ಸಿಕ್ಕಿತು. ಸಿಕ್ಕದಿದ್ದರೂ ಆ ಹತ್ತು ನಿಮಿಷ ಹಾಗೆಯೇ ಇರುತ್ತಿತ್ತು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ, ಏಕೆಂದರೆ ಸಿಗುವ ಮೊದಲೇ ಆ ಬಿಸಿ ಇಳಿದಿತ್ತು.

ಊಟದಲ್ಲಿಯೂ ಪ್ರಯೋಗ ಮಾಡಿದೆ. ತುತ್ತನ್ನು ಮೂವತ್ತು ಬಾರಿ ಅಗಿದು ರುಚಿಯನ್ನು ಗಮನಿಸಿರಿ ಎಂಬ ಸಲಹೆ ನಮ್ಮ ತುಮಕೂರು ಸೀಮೆಯ ರಾಗಿಮುದ್ದೆಗೆ ಒಗ್ಗದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಹೀಗಾಗಿ ಗಮನವನ್ನು ಹಲ್ಲಿನಿಂದ ಗಂಟಲಿಗೆ ಇಳಿಸಿದೆ. ಸಾರಿನಲ್ಲಿ ಅದ್ದಿದ ತುತ್ತು ಜಾರಿ ಎದೆಯ ನಡುವೆ ಬೆಚ್ಚಗೆ ಇಳಿಯುವುದನ್ನು ಹಿಂಬಾಲಿಸುವುದು ಅಗಿಯುವುದಕ್ಕಿಂತ ಎಷ್ಟೋ ಸುಲಭ. ಅನ್ನದಲ್ಲಿ ಇದು ಸಾಧ್ಯವಾಗಲಿಲ್ಲ. ಕುಕ್ಕರಿನ ಸಿಳ್ಳೆಯನ್ನು ಎಚ್ಚರದ ಗಂಟೆಯಾಗಿ ಬಳಸಲು ನನ್ನ ಹೆಂಡತಿ ಯತ್ನಿಸಿದಳು. ಸಿಳ್ಳೆಗೆ ಕಾಯುವುದೇ ಒಂದು ಚಿಂತೆಯಾಗಿ ಹದಿನೈದು ದಿನಗಳಲ್ಲಿ ಬಿಟ್ಟಳು.

ಎಣಿಕೆಯ ಯಂತ್ರವಿದ್ದರೂ ನಾನು ಕೈಯಲ್ಲಿ ಒಮ್ಮೆ ಎಣಿಸಿಯೇ ಅದಕ್ಕೆ ಹಾಕುತ್ತೇನೆ, ಸ್ಪಂಜನ್ನು ಬಿಡಲಾರೆ. ಕಿಟಕಿಯಾಚೆ ಕೂಗಾಡುವವರ ಎದುರು ಮಾಡುವುದೊಂದಿದೆ. ಅದನ್ನು ಬರೆದು ತಿಳಿಸುವಂತಿಲ್ಲ, ಎದುರು ಕುಳಿತು ತೋರಿಸಬೇಕು, ಹಾಗಾಗಿ ಇಲ್ಲಿ ಹೇಳುವುದಿಲ್ಲ. ಬೆಳಗಿನ ಒಂದು ಗಂಟೆ ಕೂರುವುದು ಈಗ ತಾನಾಗಿಯೇ ಮರಳಿದೆ, ಸಂಜೆಯದು ಅರ್ಧ ಗಂಟೆಗೆ ನಿಂತಿದೆ. ಮುಂದಿನ ತಿಂಗಳು ನನಗೆ ಸಾಲ ವಿಭಾಗಕ್ಕೆ ವರ್ಗವಾಗಿದೆ. ಅಲ್ಲಿ ನೋಟೂ ಇಲ್ಲ, ಸ್ಪಂಜೂ ಇಲ್ಲ. ರಬ್ಬರ್ ಸ್ಟಾಂಪನ್ನು ಇಂಕ್ ಪ್ಯಾಡಿಗೆ ಒತ್ತುವಾಗ ಅಂಗೈಗೆ ತಿಳಿಯುವ ಒತ್ತಡವನ್ನು ಈಗಿನಿಂದಲೇ ಗಮನಿಸತೊಡಗಿದ್ದೇನೆ. ನಿನ್ನೆಯ ಚೀಟಿಯಲ್ಲಿ ಹನ್ನೊಂದು ಗೆರೆಗಳಿದ್ದವು.