ತರಗತಿಯ ಓದಿಗೆ ಒಂದು ಥೀಮ್ ಇಟ್ಟುಕೊಳ್ಳುವುದು ಹೇಗೆ?

ಈ ವಾರ ನರಿಯ ಕಥೆ, ಮುಂದಿನ ವಾರ ಗ್ರಹಗಳು, ಆಮೇಲೆ ಯಾವುದೋ ಪದ್ಯ. ಹೀಗೆ ಓದಿಸಿದರೆ ಮಕ್ಕಳು ಓದುತ್ತಾರೆ ನಿಜ, ಆದರೆ ಒಂದಕ್ಕೊಂದು ನಂಟೇ ಇರುವುದಿಲ್ಲ. ಅದರ ಬದಲು ಮೂರ್ನಾಲ್ಕು ವಾರ ಒಂದೇ ಥೀಮ್ ಹಿಡಿದು ಓದಿಸಿ. ಅವೇ ಪದಗಳು ಬೇರೆ ಬೇರೆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಿಗುವುದರಿಂದ, ಮೊದಲ ವಾರ ತಡವರಿಸಿದ ಮಗುವಿಗೂ ಮೂರನೇ ವಾರದ ಹೊತ್ತಿಗೆ ಓದು ಹಗುರಾಗುತ್ತದೆ. ವಿಷಯದ ಪರಿಚಯ ಮೊದಲೇ ಇದ್ದರೆ ಓದಿದ್ದು ಬೇಗ ತಲೆಗೆ ಹತ್ತುತ್ತದೆ ಕೂಡ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಬಗ್ಗೆ ಓದಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಆಟ ಗೊತ್ತಿಲ್ಲದ ಚುರುಕು ಓದುಗರಿಗಿಂತ ಚೆನ್ನಾಗಿ ಅದನ್ನು ನೆನಪಿಟ್ಟು ಹೇಳಿದರು.

ಥೀಮ್ ಆರಿಸುವಾಗಲೇ ಜಾಸ್ತಿ ಜನ ಎಡವುವುದು. ಸುಮ್ನೆ ‘ನೀರು’ ಅಂತ ಇಟ್ಟರೆ ಗೋಡೆಗೆ ನೀಲಿ ಹನಿ ಅಂಟಿಸುವಲ್ಲಿಗೆ ಕೆಲಸ ಮುಗಿಯುತ್ತದೆ. ‘ಎಲ್ಲರಿಗೂ ಸಾಲುವಷ್ಟು ನೀರಿಲ್ಲದಿದ್ದರೆ ಮೊದಲು ಯಾರಿಗೆ ಕೊಡಬೇಕು?’ ಅಂತ ಕೇಳಿ ನೋಡಿ, ಮಕ್ಕಳು ಜಗಳಕ್ಕೇ ನಿಲ್ಲುತ್ತಾರೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ಪುಸ್ತಕ ಐದಾರು ಸಾಕು. ಒಂದು ಕಥೆ, ಮಾಹಿತಿ ಕೊಡುವ ಒಂದೆರಡು ಪುಸ್ತಕ, ಒಂದು ಪದ್ಯ, ಒಂದು ಪತ್ರಿಕಾ ವರದಿ. ಎಲ್ಲವೂ ಒಂದೇ ಮಾತು ಹೇಳುವಂತಿರಬಾರದು. ಸುಲಭವಾದದ್ದನ್ನು ಮೊದಲು ಕೊಡಿ, ತೀರಾ ಕಷ್ಟದ್ದನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಚಿತ್ರಪುಸ್ತಕವನ್ನು ಓದಲು ಕಷ್ಟಪಡುವವರಿಗೆ ಮಾತ್ರ ಕೊಟ್ಟು ಅವರನ್ನು ಬೇರೆ ಕೂರಿಸಬೇಡಿ, ಎಲ್ಲರೂ ಓದಲಿ.

ಪ್ರಶ್ನೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಹಾಕಿ. ಪ್ರತಿ ಪುಸ್ತಕ ಮುಗಿದಾಗ ‘ಇದು ನಮ್ಮ ಪ್ರಶ್ನೆಗೆ ಏನು ಹೇಳುತ್ತೆ?’ ಅಂತ ಕೇಳಿ, ಮಕ್ಕಳ ಮಾತಿನಲ್ಲೇ ಕೆಳಗೆ ಬರೆಯಿರಿ. ‘ಕಥೆಯಲ್ಲಿ ಬಾವಿಯ ಯಜಮಾನ ಕೆಟ್ಟವನು, ಆದ್ರೆ ಬಾವಿ ತೋಡೋದು ಎಷ್ಟು ಕಷ್ಟ ಅಂತ ಈ ಪುಸ್ತಕದಲ್ಲಿದೆ’ ಅಂತ ಒಂದು ಮಗು ಎರಡನ್ನು ಪಕ್ಕಪಕ್ಕ ಇಟ್ಟು ಹೇಳಿತೆಂದರೆ, ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಗಣಿತ, ಚಿತ್ರಕಲೆ ಎಲ್ಲವನ್ನೂ ಎಳೆದು ತಂದು ಥೀಮಿಗೆ ಕಟ್ಟುವ ಗೋಜಿಗೆ ಹೋಗಬೇಡಿ. ತಮಗಿಷ್ಟವಾದದ್ದನ್ನು ಓದಿಕೊಳ್ಳಲು ದಿನಾ ಸ್ವಲ್ಪ ಹೊತ್ತು ಬಿಡಿ, ಅದಕ್ಕೆ ಥೀಮಿನ ಹಂಗು ಬೇಡ.

ಕೊನೆಯ ವಾರ ಅದೇ ವಿಷಯದ ಹೊಸ ಪುಟವೊಂದನ್ನು ಕೊಡಿ, ಯಾವ ಸುಳಿವನ್ನೂ ಕೊಡಬೇಡಿ. ಹಿಂದೆ ಓದಿದ್ದನ್ನು ಮಕ್ಕಳು ತಾವಾಗಿಯೇ ಎತ್ತಿದರೆ ಮುಂದಿನ ಥೀಮಿಗೆ ಹೋಗಿ. ಎತ್ತದಿದ್ದರೆ ಗೋಡೆಯ ಹಾಳೆಯ ಮುಂದೆ ಕೂತು ಇನ್ನೊಂದು ದಿನ ಮಾತಾಡಿ.